ಸಿಪಿಯು ಬಿಸಿಯ ಎಚ್ಚರಿಕೆ: ದೋಷ ಹುಡುಕುವ ಬಗೆ

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿಗೂ ಬಿಸಿಯಿಂದ ತನ್ನನ್ನು ಕಾಪಾಡಿಕೊಳ್ಳುವ ವ್ಯವಸ್ಥೆ ಇದ್ದೇ ಇರುತ್ತದೆ. ಸಿಪಿಯು ಚಿಪ್ಪಿನೊಳಗೆ ಉಷ್ಣತಾ ಸಂವೇದಕಗಳಿವೆ. ಮಿತಿ ಮುಟ್ಟಿದಾಗ, ಅಂದರೆ ಹಲವು ಇಂಟೆಲ್ ಚಿಪ್ಪುಗಳಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ, ಚಿಪ್ಪು ಮೊದಲು ವೇಗ ತಗ್ಗಿಸುತ್ತದೆ. ಬಿಸಿ ಇನ್ನೂ ಏರಿದರೆ ಯಂತ್ರ ತಾನಾಗಿ ಆಫ್ ಆಗುತ್ತದೆ. ಎಚ್ಚರಿಕೆ ಬಂದ ಮಾತ್ರಕ್ಕೆ ಚಿಪ್ಪು ಸುಟ್ಟುಹೋಯಿತೆಂದು ಎದೆಗುಂದಬೇಕಾಗಿಲ್ಲ.

ಎಲ್ಲ ಎಚ್ಚರಿಕೆಯೂ ಬಿಸಿಯದ್ದಲ್ಲ. ‘ಸಿಪಿಯು ಫ್ಯಾನ್ ಎರರ್’ ಎಂದು ಬಂದರೆ ಫ್ಯಾನಿನ ವೇಗದ ಸಂಕೇತ ಮದರ್‌ಬೋರ್ಡಿಗೆ ತಲುಪುತ್ತಿಲ್ಲ ಎಂದಷ್ಟೇ ಅರ್ಥ; ತಂತಿ ಪಕ್ಕದ ಪಿನ್ನುಗಳಿಗೆ ಸಿಕ್ಕಿರಬಹುದು. ತಂತ್ರಾಂಶದಲ್ಲಿ ಯಾವುದೋ ಸಂವೇದಕ ಸದಾ 127 ಡಿಗ್ರಿ ತೋರಿಸುತ್ತಿದ್ದರೆ ಬಹುಮಟ್ಟಿಗೆ ಅಲ್ಲಿ ಸಂವೇದಕವೇ ಇಲ್ಲ. (ಎಂಟು ಬಿಟ್‌ಗಳ ಚಿಹ್ನೆಸಹಿತ ಸಂಖ್ಯೆಯ ಗರಿಷ್ಠ ಬೆಲೆ 127!) 2017ರ ರೈಜನ್ 7 1800ಎಕ್ಸ್ ಚಿಪ್ಪಂತೂ ಫ್ಯಾನ್ ನಿಯಂತ್ರಣಕ್ಕೆಂದು ನಿಜಕ್ಕಿಂತ 20 ಡಿಗ್ರಿ ಹೆಚ್ಚಿಗೆ ಹೇಳುತ್ತಿತ್ತು.

ಬಿಸಿ ನಿಜವೇ ಆಗಿದ್ದರೆ ಹೆಚ್ಚಿನವರು ಥರ್ಮಲ್ ಪೇಸ್ಟನ್ನು ಇನ್ನಷ್ಟು ಬಳಿಯಲು ಹೊರಡುತ್ತಾರೆ. ಎಡವುವುದು ಇಲ್ಲೇ. ಪೇಸ್ಟ್ ತಂಪು ಮಾಡುವ ವಸ್ತುವಲ್ಲ. ಚಿಪ್ಪಿನ ಮುಚ್ಚಳ, ಹೀಟ್‌ಸಿಂಕಿನ ತಳ ಎರಡೂ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮ ತಗ್ಗುಗಳಲ್ಲಿ ಗಾಳಿ ಕೂತಿರುತ್ತದೆ. ಶಾಖವಾಹಕತೆಯ ಮಾನದಲ್ಲಿ ತಾಮ್ರದ್ದು ಸುಮಾರು 400, ಗಾಳಿಯದು ಬರೀ 0.026, ಸಾಮಾನ್ಯ ಪೇಸ್ಟಿನದು 10ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಗಾಳಿಯನ್ನು ಹೊರದೂಡಲು ಪೇಸ್ಟ್ ಬೇಕು. ಲೋಹ ಲೋಹಕ್ಕೆ ತಾಗುವ ಕಡೆ ಅದೇ ಅಡ್ಡಿ. ದಪ್ಪ ಪದರದಿಂದ ನಷ್ಟವೇ ಹೊರತು ಲಾಭವಿಲ್ಲ.

ದೋಷ ಎಲ್ಲಿದೆಯೆಂದು ಉಷ್ಣತೆ ಏರುವ ವೇಗವೇ ಹೇಳಿಬಿಡುತ್ತದೆ; ಈ ಪರೀಕ್ಷೆಗೆ ದುಡ್ಡೂ ಬೇಡ. ಭಾರೀ ಕೆಲಸ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ 40ರಿಂದ 95ಕ್ಕೆ ನೆಗೆದರೆ, ಯಂತ್ರ ಆಫ್ ಮಾಡಿ ಮುಟ್ಟಿದಾಗ ಹೀಟ್‌ಸಿಂಕ್ ತಣ್ಣಗಿದ್ದರೆ, ಶಾಖ ಚಿಪ್ಪನ್ನು ದಾಟಿಯೇ ಇಲ್ಲ. ಹತ್ತಿಪ್ಪತ್ತು ನಿಮಿಷದಲ್ಲಿ ನಿಧಾನವಾಗಿ ಏರಿ ಹೀಟ್‌ಸಿಂಕೂ ಕಾದಿದ್ದರೆ, ಶಾಖ ದಾಟಿದೆ, ಪೆಟ್ಟಿಗೆಯಿಂದ ಹೊರಹೋಗುತ್ತಿಲ್ಲ. 2022ರಲ್ಲಿ ಬಂದ ರೈಜನ್ 7000 ಸಾಲಿನ ಹಲವು ಚಿಪ್ಪುಗಳು ಮಾತ್ರ 95 ಡಿಗ್ರಿಯವರೆಗೆ ಓಡುವಂತೆಯೇ ರೂಪುಗೊಂಡವು. ಅಲ್ಲಿ ಆ ಅಂಕಿಯೊಂದೇ ದೋಷದ ಗುರುತಲ್ಲ.

ಮೊದಲ ಬಗೆಯಾದರೆ ಕೂಲರ್ ಬಿಚ್ಚಿ ನೋಡಬೇಕು. ಹೊಸ ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿರುವುದು ಅಪರೂಪವೇನಲ್ಲ. ಇಂಟೆಲ್ ಚಿಪ್ಪಿನ ಜೊತೆ ಬರುವ ಕೂಲರಿನ ನಾಲ್ಕು ಒತ್ತುಪಿನ್ನುಗಳಲ್ಲಿ ಒಂದು ಪೂರ್ತಿ ಕೂರದಿದ್ದರೂ ಆ ಮೂಲೆ ಎದ್ದು ನಿಲ್ಲುತ್ತದೆ. ಕರ್ಣದ ಜೋಡಿಯಂತೆ ಒತ್ತಿ, ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ತುದಿಗಳು ಹೊರಬಂದಿವೆಯೇ ನೋಡಬೇಕು. ಹಳೆಯ ಪೇಸ್ಟಿನ ಗುರುತನ್ನು ಒರೆಸುವ ಮುನ್ನ ಒಮ್ಮೆ ಗಮನಿಸಿದರೆ, ದಪ್ಪಗೆ ಉಳಿದ ಕಡೆಯೇ ಸಂದು ಇದ್ದದ್ದು ಎಂದು ತಿಳಿಯುತ್ತದೆ. ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟಾಣಿ ಗಾತ್ರದ ಹೊಸ ಪೇಸ್ಟ್ ಇಟ್ಟರೆ ಸಾಕು.

ಎರಡನೆಯದಾದರೆ ದೂಳು ತೆಗೆಯುವುದು, ಫ್ಯಾನುಗಳ ದಿಕ್ಕು ನೋಡುವುದು. ಕೋಣೆಯ ಉಷ್ಣತೆ 10 ಡಿಗ್ರಿ ಏರಿದರೆ ಚಿಪ್ಪಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯಲ್ಲಿ 85ಕ್ಕೆ ನಿಲ್ಲುತ್ತಿದ್ದ ಯಂತ್ರ ಕಲಬುರಗಿಯ ಮೇ ತಿಂಗಳಲ್ಲಿ ಕೂಗಿಕೊಂಡರೆ ಅದು ಪೇಸ್ಟಿನ ತಪ್ಪಲ್ಲ. ಅಳತೆ ಬರೆದಿಡುವಾಗ ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆದಿಡಬೇಕು.