ಬೆಲ್ಟ್ ಬಿಗಿದರೂ ಕುತ್ತಿಗೆಗೆ ಕಾವಲು ಬೇಕು

ನಿವೃತ್ತಿಯಾದ ಮೇಲೆ ನಮ್ಮಲ್ಲಿ ಅನೇಕರು ಬೆಳಗಿನ ವಾಕಿಂಗ್ ಹಿಡಿಯುತ್ತಾರೆ. ಅಮೆರಿಕದಲ್ಲಿ ಕೆಲವರು ಹಿಡಿಯುವುದು ರೇಸ್ ಕಾರಿನ ಸ್ಟಿಯರಿಂಗ್! 1950ರ ದಶಕದ ಎಂ.ಜಿ., ಟ್ರಯಂಫ್, ಪೋರ್ಷೆ ಕಾರುಗಳನ್ನು ಜೋಪಾನ ಮಾಡಿ, ಅಲ್ಲಲ್ಲಿನ ಕ್ಲಬ್ಬುಗಳು ನಡೆಸುವ ವಾರಾಂತ್ಯದ ರೇಸುಗಳಲ್ಲಿ ಓಡಿಸುತ್ತಾರೆ. ಹಣದಾಸೆಗಲ್ಲ, ಹುಚ್ಚಿಗೆ.

ವೈದ್ಯನಾದ ನನ್ನ ಕುತೂಹಲ ಕಾರಿನದಲ್ಲ, ಕುತ್ತಿಗೆಯದು. ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಸೀಟ್ ಬೆಲ್ಟೇ ಇರಲಿಲ್ಲ. ಕಾರು ಉರುಳಿದರೆ ಹೊರಗೆ ಬೀಳುವುದೇ ವಾಸಿ ಎಂದು ಎಷ್ಟೋ ಚಾಲಕರು ನಂಬಿದ್ದರು! ಮುಂದೆ ಬೆಲ್ಟ್ ಬಂತು. ಆದರೆ ಅದು ಹಿಡಿಯುವುದು ಎದೆ, ಸೊಂಟಗಳನ್ನು ಮಾತ್ರ. ಹೆಲ್ಮೆಟ್ ಸೇರಿ ಆರು ಕಿಲೋ ತೂಗುವ ತಲೆ, ಗೋಡೆಗೆ ಗುದ್ದಿದ ಕ್ಷಣದಲ್ಲಿ ಐವತ್ತು ಪಟ್ಟು ಭಾರವಾದರೆ ಕುತ್ತಿಗೆಯನ್ನು 300 ಕಿಲೋ ಜಗ್ಗಿದಂತೆ. ಆಗ ತಲೆಬುರುಡೆಯ ತಳವೇ ಬಿರಿಯುತ್ತದೆ. 1981ರಲ್ಲಿ ಗೆಳೆಯನೊಬ್ಬ ಹೀಗೆ ಸತ್ತಾಗ ರೇಸ್ ಚಾಲಕ ಜಿಮ್ ಡೌನಿಂಗ್ ತಮ್ಮ ಭಾವಮೈದುನ, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬಾರ್ಡ್ ಅವರಲ್ಲಿ ಉಪಾಯ ಕೇಳಿದರು. ಹುಟ್ಟಿದ್ದು 'ಹ್ಯಾನ್ಸ್': ಹೆಗಲ ಮೇಲೆ ಬೆಲ್ಟಿನಡಿ ಕೂರುವ ಗಟ್ಟಿ ಕಾಲರ್, ಅದರಿಂದ ಹೆಲ್ಮೆಟ್‌ಗೆ ಎರಡು ಪಟ್ಟಿ. ಕಿರಿಕಿರಿ ಎಂದು ಚಾಲಕರು ಬಹುಕಾಲ ಮೂಗುಮುರಿದರು. 2001ರಲ್ಲಿ ಡೇಟೋನಾದಲ್ಲಿ ಹೆಸರಾಂತ ಡೇಲ್ ಅರ್ನ್‌ಹಾರ್ಟ್ ಅದೇ ಬಗೆಯ ಪೆಟ್ಟಿನಿಂದ ಸತ್ತ ಮೇಲೆ ಕಣ್ಣು ತೆರೆಯಿತು. 2003ರಲ್ಲಿ ಫಾರ್ಮುಲಾ ಒನ್ ಇದನ್ನು ಕಡ್ಡಾಯ ಮಾಡಿತು. ಈಗ ಹಳೆಯ ಕಾರುಗಳ ಅನೇಕ ಕ್ಲಬ್ಬುಗಳೂ ಕುತ್ತಿಗೆಯ ರಕ್ಷಣೆ ಕೇಳುತ್ತವೆ.

ನಿಮ್ಮ ಮನೆಯ ಕಾರಿಗೆ ಹ್ಯಾನ್ಸ್ ಬೇಡ, ಬೆಲ್ಟ್ ಸಾಕು. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನಿಂದ ಗುದ್ದಿದರೆ ತಲೆ ಹಿಂದಕ್ಕೆ ಚಿಮ್ಮುತ್ತದೆ. ಸೀಟಿನ ತಲೆಯಾಸರೆ ಇರುವುದು ಅದಕ್ಕೇ, ನಿದ್ದೆಗಲ್ಲ. ಅದರ ತುದಿ ನಿಮ್ಮ ನೆತ್ತಿಯ ಮಟ್ಟಕ್ಕೆ ಬರುವಂತೆ ಎತ್ತಿಕೊಳ್ಳಿ. ತಲೆಗೂ ಅದಕ್ಕೂ ಎರಡು ಮೂರು ಬೆರಳಿಗಿಂತ ಹೆಚ್ಚು ಅಂತರ ಬೇಡ.

ಇಂಥ ಪೆಟ್ಟಿನ ನೋವು ಎಷ್ಟೋ ಸಲ ಕಾಣಿಸುವುದು ಮರುದಿನ. ಆಗ ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ಮುರಿಸಿಕೊಳ್ಳುವವರಿದ್ದಾರೆ. ಖಂಡಿತ ಬೇಡ. ಕೈ ಜುಮ್ಮೆಂದರೆ, ಹಿಡಿತ ಸಡಿಲವಾದರೆ, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.