ಗೋವಾದಿಂದ ಪರದೇಶಕ್ಕೆ ಸೈಕಲ್

1961ರವರೆಗೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದಲ್ಲಿ ಪೋರ್ಚುಗಲ್ ಪೌರತ್ವ ಪಡೆದು ಅಲ್ಲಿಗೋ, 2020ರವರೆಗೆ ಬ್ರಿಟನ್ನಿಗೋ ನೆಲೆ ಬದಲಿಸಿದ ಕುಟುಂಬಗಳು ಬಹಳ. ಮನೆಸಾಮಾನಿನ ಜೊತೆ ಸೈಕಲ್ಲನ್ನೂ ಒಯ್ಯಬೇಕೇ? ಸಾದಾ ಸೈಕಲ್ಲಾದರೆ ಸಾಗಣೆಯ ಖರ್ಚೇ ಅದರ ಬೆಲೆಯನ್ನು ಮೀರೀತು, ಮಾರಿಬಿಡುವುದೇ ಲೇಸು. ಸವಾರನ ಮೈಕಟ್ಟಿಗೆ ಒಗ್ಗಿದ ದುಬಾರಿ ಗೇರ್ ಸೈಕಲ್ಲಿಗಾದರೆ ಶ್ರಮ ಸಾರ್ಥಕ.

ದಾಬೋಲಿಮ್‌ನಿಂದಾಗಲಿ, 2023ರಲ್ಲಿ ಹಾರಾಟ ಆರಂಭಿಸಿದ ಮೋಪಾದಿಂದಾಗಲಿ ವಿಮಾನದಲ್ಲಿ ಒಯ್ಯುವುದಾದರೆ ವಿಮಾನ ಸಂಸ್ಥೆಗೆ ಮೊದಲೇ ತಿಳಿಸಬೇಕು. ಹೊಸ ಸೈಕಲ್ ಬರುವ ರಟ್ಟಿನ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಮುಂದಿನ ಚಕ್ರ, ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಟೈರಿನ ಗಾಳಿ ಇಳಿಸಬೇಕು. ಎಡ ಪೆಡಲಿನ ಥ್ರೆಡ್ ಮಾತ್ರ ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೇ ಸಡಿಲವಾಗುವುದು. ಎಲೆಕ್ಟ್ರಿಕ್ ಸೈಕಲ್ಲಿನ ಕಥೆ ಬೇರೆ: 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ಪ್ರಯಾಣಿಕರ ಲಗೇಜಿನಲ್ಲಿ ಜಾಗವಿಲ್ಲ, ಇಂಥ ಸೈಕಲ್ಲಿನ ಬ್ಯಾಟರಿಗಳು ಸಾಮಾನ್ಯವಾಗಿ ಇದಕ್ಕಿಂತ ದೊಡ್ಡವೇ.

ಗೋವಾದ ಕೆಂಪು ಜಂಬಿಟ್ಟಿಗೆ ಮಣ್ಣು ಟೈರಿನ ಗೀರುಗಳಲ್ಲಿ, ಚೈನಿನ ಸಂದಿಯಲ್ಲಿ ಹಠ ಹಿಡಿದು ಕೂರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೊರಟವರು ಅದನ್ನು ಪೂರ್ತಿ ತೊಳೆಯಲೇಬೇಕು. ಮಣ್ಣಿನೊಂದಿಗೆ ಕಳೆಬೀಜ, ರೋಗಾಣು ಬಂದಾವೆಂದು ಅಲ್ಲಿ ಬಿಗಿ ತಪಾಸಣೆಯಿದೆ.

ನೆಲೆ ಬದಲಿಸುವವರ ಬಳಸಿದ ಸಾಮಾನಿಗೆ ಯುರೋಪಿಯನ್ ಒಕ್ಕೂಟದಲ್ಲಿ ಆಮದು ಸುಂಕದ ವಿನಾಯಿತಿಯಿದೆ. ಆದರೆ ಸಾಮಾನು ಕನಿಷ್ಠ 6 ತಿಂಗಳು ಒಡೆತನದಲ್ಲಿದ್ದು ಬಳಕೆಯಾಗಿರಬೇಕು, ಮಾಲೀಕ 12 ತಿಂಗಳು ಒಕ್ಕೂಟದ ಹೊರಗೆ ನೆಲೆಸಿರಬೇಕು. ಹೊರಡುವ ಮುನ್ನಾವಾರ ಕೊಂಡ ಹೊಸ ಸೈಕಲ್ಲಿಗೆ ಇದು ಅನ್ವಯಿಸದು. ಖರೀದಿಯ ರಸೀದಿ ಜೋಪಾನವಾಗಿರಲಿ. ವಿನಾಯಿತಿ ಪಡೆದು ತಂದದ್ದನ್ನು 12 ತಿಂಗಳೊಳಗೆ ಮಾರುವುದಾದರೆ ಸುಂಕ ಕಟ್ಟಬೇಕಾಗುತ್ತದೆ.