ಮೈಯಲ್ಲಿ ಜ್ವರ, ಮನಸ್ಸು ತೋಟದಲ್ಲಿ

2021ರ ಮೇ ತಿಂಗಳು. ಕೊರೊನಾ ಬಂದು ಮನೆಯ ಮೂಲೆ ಕೋಣೆ ಸೇರಿದ್ದೆ. ಟೊಮ್ಯಾಟೊ ಕೊಯ್ಲಿಗೆ ಬಂದಿತ್ತು. ಮೂರನೇ ದಿನ ಜ್ವರ ಇಳಿದಂತಾಯ್ತು. ‘ನಮ್ಮದೇ ತೋಟ, ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದ್ರೆ ಏನಾಗುತ್ತೆ?’ ಅಂತ ಚಪ್ಪಲಿ ಮೆಟ್ಟಿದೆ.

ಅಂಗಳದಾಚೆಯಿಂದ ಅಮ್ಮ ಕೂಗಿದ್ರು: ‘ಕೊಯ್ಲಿಗೆ ಬಂದ ಹೆಣ್ಮಕ್ಕಳು ಅಲ್ಲೇ ಇದಾರೆ ಕಣಪ್ಪ.’

ನಿಂತೆ. ಬಯಲಲ್ಲಿ ಗಾಳಿಯಾಡುತ್ತೆ, ಅಂಟುವ ಅಪಾಯ ಕಡಿಮೆ, ನಿಜ. ಆದ್ರೆ ತೋಟಕ್ಕೆ ಹೋದ ರೈತ ಸುಮ್ಮನೆ ನಡೆದು ಬರಲ್ಲ. ಕ್ರೇಟ್ ಎತ್ತುತ್ತಾನೆ, ಆಳುಗಳ ಹತ್ತಿರ ನಿಂತು ಮಾತಾಡ್ತಾನೆ.

ಒಳಗೆ ಬಂದು, ತೋಟದಲ್ಲಿದ್ದ ತಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಕೆಳಗಿನ ಎಲೆಗಳಲ್ಲಿ ಉಂಗುರದಂಥ ಕಂದು ಚುಕ್ಕೆ ಕಾಣಿಸಿತು: ಅಂಗಮಾರಿ. ಆ ಎಲೆಗಳನ್ನು ಕೀಳಿಸಿ ತೋಟದಾಚೆ ಹಾಕಿಸಿದೆ. ಬೆಳೆ ಉಳಿಯಿತು.

ಆಗಿನ ನಿಯಮದಂತೆ ಲಕ್ಷಣ ಶುರುವಾಗಿ 10 ದಿನ ಕಳೆಯಬೇಕು, ಕೊನೆಯ 3 ದಿನ ಜ್ವರ ಇರಬಾರದು. ಅಲ್ಲೀವರೆಗೂ ಕೋಣೆಯೊಳಗೇ ನಡೆದೆ. ಉಸಿರಾಟ ಕಷ್ಟವಾದ್ರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದ್ರೆ ನಡಿಗೆ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ.

ಗೆಳೆಯರೇ, ಅಂಟುವ ಜ್ವರ ಬಂದಾಗ ತೋಟಕ್ಕೆ ಫೋನ್ ಹೋಗಲಿ, ನೀವು ಬೇಡ.